ಚಿಗರಿ ಓಡುವ ದಾರಿಯಲ್ಲಿ ಸೈಕಲ್ ಸವಾರರು

ಧಾರವಾಡದ ಜ್ಯುಬಿಲಿ ವೃತ್ತದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್. ಟೋಲ್ ನಾಕಾ, ಗಾಂಧಿನಗರ, ಸತ್ತೂರು, ಪೇರಲ ಹಣ್ಣಿಗೆ ಹೆಸರಾದ ನವಲೂರು, ರಾಯಾಪುರ, ನವನಗರ, ಉಣಕಲ್ ಕೆರೆ, ವಿದ್ಯಾನಗರ... ಹೀಗೆ ಸಾಗುವ ಈ ರಸ್ತೆಯೇ ಅವಳಿ ನಗರದ ಬೆನ್ನೆಲುಬು. ಇದರ ಎರಡೂ ಬದಿಗೆ ಶಾಲೆ, ಕಾಲೇಜು, ಬಡಾವಣೆಗಳು. ಬೆಳಿಗ್ಗೆ ಬೆನ್ನಿಗೆ ಪಾಟೀಚೀಲ ಹಾಕಿಕೊಂಡು ಸೈಕಲ್ ತುಳಿಯುವ ಮಕ್ಕಳು ಇಲ್ಲಿ ಇಂದಿಗೂ ಕಾಣುತ್ತಾರೆ.

2018ರಲ್ಲಿ ಚಿಗರಿ ಬಸ್ಸುಗಳು ಬಂದ ಮೇಲೆ ರಸ್ತೆಯ ನಡುಭಾಗ ಅವುಗಳಿಗೆ ಮೀಸಲಾಯಿತು. ಲಾರಿ, ಟಿಪ್ಪರ್, ಕಾರು, ಆಟೋಗಳು ಅಕ್ಕಪಕ್ಕದ ಪಥಗಳಲ್ಲಿ ಸಾಗುತ್ತವೆ. ಸೈಕಲ್ಲಿಗೆ ಉಳಿದದ್ದು ಎಡ ಅಂಚು. ಅಲ್ಲಿಯೂ ನಿಲ್ಲಿಸಿದ ವಾಹನಗಳ ಸಾಲು. ಅವುಗಳಿಂದ ಒಂದು ಮೀಟರ್ ದೂರ ಉಳಿಯದಿದ್ದರೆ, ಥಟ್ಟನೆ ತೆರೆದ ಕಾರಿನ ಬಾಗಿಲೇ ಸವಾರನನ್ನು ಕೆಡವೀತು.

ಧಾರವಾಡ ಎತ್ತರದಲ್ಲಿದೆ. ಹುಬ್ಬಳ್ಳಿಯತ್ತ ಹೊರಟವರಿಗೆ ಅಲ್ಲಲ್ಲಿ ಇಳಿಜಾರು ಸಿಗುತ್ತದೆ, ತುಳಿಯದೆಯೇ ವೇಗ ಏರುತ್ತದೆ. ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್. ಅಪಾಯವನ್ನು ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಬೇಕಾದರೆ, ಅಷ್ಟರಲ್ಲಿಯೇ ಸೈಕಲ್ 5 ಮೀಟರ್ ಮುಂದೆ ಹೋಗಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ನಂತರ ಜಾರುವ ದೂರ ನಾಲ್ಕು ಪಟ್ಟಾಗುತ್ತದೆ. ಮಳೆಯಲ್ಲಿ ನೆನೆದ ಗಾಲಿಗೆ ಇನ್ನೂ ಹೆಚ್ಚು.

ಇದಕ್ಕಿಂತ ದೊಡ್ಡ ಅಪಾಯ ತಿರುವುಗಳಲ್ಲಿದೆ. ಲಾರಿಯ ಚಾಲಕ ಬಲಗಡೆ ಎತ್ತರದಲ್ಲಿ ಕುಳಿತಿರುತ್ತಾನೆ. ಎಡಬದಿಯಲ್ಲಿ ಲಾರಿಗೆ ಅಂಟಿಕೊಂಡಂತೆ ನಿಂತ ಸೈಕಲ್ ಅವನಿಗೆ ಕಾಣುವುದೇ ಇಲ್ಲ. ಲಾರಿ ಎಡಕ್ಕೆ ಹೊರಳಿದಾಗ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲಿ ಬರುವುದಿಲ್ಲ, ಒಳಗೊಳಗೇ ಕತ್ತರಿಸಿಕೊಂಡು ಬರುತ್ತದೆ. ಸಿಗ್ನಲ್‌ನಲ್ಲಿ ಎಡಸಂದಿಯಲ್ಲಿ ನುಸುಳಿ ಮುಂದೆ ಹೋಗುವ ಚುರುಕುತನ ಜೀವಕ್ಕೇ ಮುಳುವಾಗಬಹುದು. ದೊಡ್ಡ ವಾಹನದ ಹಿಂದೆ ನಿಲ್ಲುವುದೇ ಸರಿ.

ಸಂಜೆ ಟ್ಯೂಷನ್ ಮುಗಿಸಿ ಬರುವವರು ಇತರರಿಗೆ ಕಾಣುವಂತಿರಬೇಕು. ರಿಫ್ಲೆಕ್ಟರ್ ತಾನಾಗಿ ಬೆಳಗುವುದಿಲ್ಲ. ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುತ್ತದೆ, ಅಷ್ಟೇ. ಆದ್ದರಿಂದ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ತಲೆಗೆ ಹೆಲ್ಮೆಟ್ ಮೂರೂ ಬೇಕು.

ಉಣಕಲ್ ನಾಲೆಯ ದಂಡೆಗುಂಟ ಸೈಕಲ್ ಪಥ ರೂಪಿಸುವ ಯೋಜನೆ ಈ ನಗರದಲ್ಲಿಯೇ ಹುಟ್ಟಿದೆ. ಲಾರಿಗಳು ಬಾರದ ಇಂಥ ದಾರಿಗಳು ಪ್ರತಿ ಶಾಲೆಯ ಬಾಗಿಲವರೆಗೂ ಬರಬೇಕು. ಅಲ್ಲಿಯವರೆಗೆ ಭಯದಿಂದ ಮಗುವಿನ ಸೈಕಲ್ ಬಿಡಿಸಿ, ಸ್ಕೂಟರಿನಲ್ಲಿ ಶಾಲೆಗೆ ಬಿಡುವ ಪಾಲಕರು ಒಂದು ಮಾತು ಯೋಚಿಸಬೇಕು: ಶಾಲೆಯ ಗೇಟಿನೆದುರು ಹೆಚ್ಚಾಗುವ ಪ್ರತಿಯೊಂದು ವಾಹನವೂ ಇನ್ನೂ ಸೈಕಲ್ ತುಳಿಯುತ್ತಿರುವ ಮಕ್ಕಳ ದಾರಿಯನ್ನು ಇಕ್ಕಟ್ಟಾಗಿಸುತ್ತದೆ.

ಅದರ ಬದಲು ಒಂದು ರವಿವಾರ ಬೆಳಿಗ್ಗೆ ಮನೆಯಿಂದ ಶಾಲೆಯವರೆಗೆ ಮಗುವಿನ ಜೊತೆ ಸಾಗಿ ನೋಡಲಿ. ಎಲ್ಲಿ ನಿಧಾನಿಸಬೇಕು, ಎಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ದಾಟಬೇಕು, ಯಾವ ಒಳರಸ್ತೆ ಹಿಡಿದರೆ ಹೆದ್ದಾರಿಯ ತಿರುವು ತಪ್ಪುತ್ತದೆ ಎಂಬುದನ್ನು ಇಬ್ಬರೂ ಸೇರಿ ನಿರ್ಧರಿಸಲಿ. ದಾರಿಯಲ್ಲಿ ಕಂಡ ಗುಂಡಿ, ಕೆಟ್ಟ ಬೀದಿದೀಪಗಳನ್ನು ಬರೆದುಕೊಂಡು ಸೋಮವಾರ ಮಹಾನಗರ ಪಾಲಿಕೆಗೆ ಅರ್ಜಿ ಕೊಡಲಿ.