ತೊಂಬತ್ತೊಂಬತ್ತರ ಅರ್ಧ ತೊಂಬತ್ತೆರಡು

ತೊಂಬತ್ತೊಂಬತ್ತರ ಅರ್ಧ ಎಷ್ಟೆಂದು ಕೇಳಿದರೆ ಶಾಲೆಯ ಹುಡುಗ ನಲವತ್ತೊಂಬತ್ತೂವರೆ ಎನ್ನುತ್ತಾನೆ. ‘ರೂನ್‌ಸ್ಕೇಪ್’ ಆಡಿದವರನ್ನು ಕೇಳಿ ನೋಡಿ, ತೊಂಬತ್ತೆರಡು ಎನ್ನುತ್ತಾರೆ. ತಮಾಷೆಗೆ ಹೇಳುವ ಮಾತಲ್ಲ. ಅವರ ಲೋಕದ ಗಣಿತದಲ್ಲಿ ಅದೇ ಸರಿಯುತ್ತರ.

ರೂನ್‌ಸ್ಕೇಪ್ ಎಂಬುದು ಸಾವಿರಾರು ಮಂದಿ ಇಂಟರ್‌ನೆಟ್ಟಿನಲ್ಲಿ ಒಟ್ಟಿಗೆ ಸೇರಿ ಆಡುವ ಆಟ. ಕೇಂಬ್ರಿಡ್ಜ್‌ನಲ್ಲಿ ಓದಿದ ಆ್ಯಂಡ್ರ್ಯೂ ಗೋವರ್ ತನ್ನ ಸೋದರನ ಜೊತೆಗೂಡಿ ರೂಪಿಸಿದ ಇದು 2001ರ ಜನವರಿಯಲ್ಲಿ ಬಂತು. ಚದುರಂಗದಂತೆ ಗೆದ್ದು ಮುಗಿಸುವ ಆಟ ಇದಲ್ಲ. ಆಟಗಾರ ಒಂದು ಪಾತ್ರವನ್ನು ಸೃಷ್ಟಿಸಿಕೊಂಡು ಮರ ಕಡಿಯುತ್ತಾನೆ, ಮೀನು ಹಿಡಿಯುತ್ತಾನೆ, ಅಡುಗೆ ಮಾಡುತ್ತಾನೆ, ಕತ್ತಿ ಹಿಡಿದು ಕಾದುತ್ತಾನೆ. ಮೂಲ ಆಟದಲ್ಲಿ ಒಂದೊಂದು ಕಸುಬಿಗೂ ತೊಂಬತ್ತೊಂಬತ್ತು ಮೆಟ್ಟಿಲು. ಮಾಡಿದ ಕೆಲಸಕ್ಕೆಲ್ಲ ಅನುಭವದ ಅಂಕ. ಸಾಮಾನ್ಯ ಮರದ ಒಂದು ದಿಮ್ಮಿಗೆ 25 ಅಂಕ. ಎರಡನೆಯ ಮೆಟ್ಟಿಲಿಗೆ ಬೇಕಾದದ್ದು 83. ನಾಲ್ಕು ದಿಮ್ಮಿ ಕಡಿದರೆ ಸಾಕು, ಅಭಿನಂದನೆ ಬಂದೇ ಬಿಡುತ್ತದೆ.

ಈ ಮೆಟ್ಟಿಲುಗಳ ಕಲ್ಪನೆ ಕಂಪ್ಯೂಟರಿನದಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ, ಕಾಗದ ಪೆನ್ಸಿಲ್ ಹಿಡಿದು ಮೇಜಿನ ಸುತ್ತ ಕುಳಿತು ಆಡುವ ಆಟದಲ್ಲೇ ಅದಿತ್ತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿ ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಎಂಬ ಆಟದಲ್ಲೂ ಇತ್ತು. ಆದರೆ ಮಡ್‌ನ ಏಣಿಗೆ ಒಂದು ತುದಿಯಿತ್ತು. ಅಲ್ಲಿ ಮುಟ್ಟಿದವನು ಮಾಂತ್ರಿಕನೆನಿಸಿಕೊಂಡು ಬೇರೆಯವರ ಆಟವನ್ನು ನೋಡಿಕೊಳ್ಳುವ ಅಧಿಕಾರ ಪಡೆಯುತ್ತಿದ್ದ. ಈಗಿನವರಿಗೆ ಅಷ್ಟು ಬೇಗ ಬಿಡುಗಡೆಯಿಲ್ಲ.

ಯಾಕಿಲ್ಲ ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ರೂನ್‌ಸ್ಕೇಪ್‌ನ ಹತ್ತನೆಯ ಮೆಟ್ಟಿಲಿಗೆ ಒಟ್ಟು 1,154 ಅಂಕ. ಐವತ್ತಕ್ಕೆ 1,01,333. ತೊಂಬತ್ತೆರಡಕ್ಕೆ 65,17,253. ತೊಂಬತ್ತೊಂಬತ್ತಕ್ಕೆ 1,30,34,431! ಮೇಲೇರಿದಂತೆ ಪ್ರತಿ ಏಳು ಮೆಟ್ಟಿಲಿಗೊಮ್ಮೆ ಮೊತ್ತ ಸುಮಾರು ಎರಡರಷ್ಟಾಗುತ್ತದೆ. ಚದುರಂಗದ ಮನೆಗಳಲ್ಲಿ ಒಂದಕ್ಕೆರಡರಂತೆ ಕಾಳು ಇಡಿಸಿಕೊಂಡ ಜಾಣನ ಕಥೆಯದೇ ಜಾಡು ಇದು. ಹಾಗಾಗಿ ತುದಿಯಿಂದ ಏಳು ಮೆಟ್ಟಿಲು ಹಿಂದೆ ಸರಿದರೆ ಸಿಗುವುದು ನಡುದಾರಿ. ತೊಂಬತ್ತೊಂದು ಮೆಟ್ಟಿಲು ಹತ್ತಿಬಂದವನ ಪಾಲಿಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಇನ್ನೂ ಬಾಕಿ.

ಏರುವವನು ಎದೆಗುಂದದಂತೆ ಕೂಲಿಯನ್ನೂ ಏರಿಸಿದ್ದಾರೆನ್ನಿ. ಹದಿನೈದನೆಯ ಮೆಟ್ಟಿಲಲ್ಲಿ ಓಕ್ ಮರ, ಮೂವತ್ತರಲ್ಲಿ ವಿಲ್ಲೋ, ಅರವತ್ತರಲ್ಲಿ ಯೂ. ಯೂ ಮರದ ಒಂದು ದಿಮ್ಮಿಗೆ 175 ಅಂಕ. ಕೂಲಿ ಏಳರಷ್ಟಾಯಿತು, ಸರಿ. ಮೆಟ್ಟಿಲಿನ ಬೆಲೆ ಸಾವಿರಾರು ಪಟ್ಟಾಯಿತಲ್ಲ! ಕೊನೆಗೂ ತುದಿ ಮುಟ್ಟಿದವರಿಗೆ ಆಟದೊಳಗೊಂದು ವಿಶೇಷ ಮೇಲುವಸ್ತ್ರ. ಅದನ್ನು 99,000 ನಾಣ್ಯ ತೆತ್ತು ತಾನೇ ಕೊಳ್ಳಬೇಕು. ಸನ್ಮಾನಿತನೇ ಶಾಲಿನ ದುಡ್ಡು ಕೊಡುವ ಸಮಾರಂಭಗಳು ನಮ್ಮ ಕಡೆಯೂ ಅಪರೂಪವಲ್ಲ.

ಕೆಲವು ಆಟಗಳಲ್ಲಿ ಏಣಿಯ ಜೊತೆಗೆ ಹಾವೂ ಇತ್ತು. 1999ರ ‘ಎವರ್‌ಕ್ವೆಸ್ಟ್’ನಲ್ಲಿ ಪಾತ್ರ ಸತ್ತರೆ ಗಳಿಸಿದ ಅಂಕ ಕಳೆಯುತ್ತಿತ್ತು, ಮೆಟ್ಟಿಲೂ ಜಾರುತ್ತಿತ್ತು. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನವರು ಇನ್ನೂ ಜಾಣರು. ಬಹಳ ಹೊತ್ತು ಆಡಿದವರಿಗೆ ಅಂಕ ಅರ್ಧಕ್ಕಿಳಿಯಲಿ ಎಂದು ಪರೀಕ್ಷೆಯ ಹಂತದಲ್ಲಿ ಮಾಡಿದ್ದರು. ಆಟಗಾರರು ಸಿಟ್ಟಾದರು. ಆಗ ಅರ್ಧವನ್ನೇ ಪೂರ್ತಿಯೆಂದೂ, ಪೂರ್ತಿಯನ್ನು ವಿಶ್ರಾಂತಿ ಪಡೆದು ಬಂದವರಿಗೆ ಸಿಗುವ ಇಮ್ಮಡಿಯೆಂದೂ ಕರೆದರು. ಅದೇ ಲೆಕ್ಕ, ಬೇರೆ ಹೆಸರು. ಎಲ್ಲರಿಗೂ ಖುಷಿಯಾಯಿತು.

ಇದೆಲ್ಲ ಕಂಡು ನಗುವುದು ಸುಲಭ. ಬೆಳೆಯುವುದು ಸಂಖ್ಯೆಯೇ ಹೊರತು ಮನುಷ್ಯನಲ್ಲ. ಮರ ಕಡಿಯುವಾಗ ಒಂದನೆಯ ಮೆಟ್ಟಿಲಿನವನ ಬೆರಳು ಒತ್ತುವುದೂ ತೊಂಬತ್ತನೆಯವನ ಬೆರಳು ಒತ್ತುವುದೂ ಅದೇ ಗುಂಡಿ. ಈಜು ಕಲಿತ ಕೈಕಾಲು ನೀರನ್ನು ಮರೆಯುವುದಿಲ್ಲ. ಇಲ್ಲಿ ಕಂಪ್ಯೂಟರ್ ಆರಿಸಿದರೆ ಕಸುಬೂ ಆರಿತು. ಆದರೂ ಒಂದು ಮಾತು ಒಪ್ಪಬೇಕು. ಅಲ್ಲಿ ದಿಮ್ಮಿಗೆ 25 ಎಂದರೆ ಎಲ್ಲರಿಗೂ 25. ಶಿಫಾರಸು ನಡೆಯದು, ಮುಖ ನೋಡಿ ಮಣೆ ಹಾಕುವವರಿಲ್ಲ, ಮಾಡಿದ ಕೆಲಸ ಲೆಕ್ಕಕ್ಕೆ ಸೇರದೆ ಹೋಗುವುದಿಲ್ಲ. ಮೂವತ್ತು ವರ್ಷ ಮನೆಮಂದಿಗೆಲ್ಲ ರೊಟ್ಟಿ ತಟ್ಟಿದ ಹೆಂಗಸಿಗೆ ಯಾರು ಅಂಕ ಬರೆದಿಟ್ಟಿದ್ದಾರೆ? ಇಷ್ಟು ಪ್ರಾಮಾಣಿಕವಾದ ಲೆಕ್ಕದ ಪುಸ್ತಕ ಹೊರಗೆಲ್ಲೂ ಸಿಗದಿರುವಾಗ ಹುಡುಗರು ಅದರ ಮುಂದೆ ರಾತ್ರಿ ಕಳೆಯುವುದರಲ್ಲಿ ಸೋಜಿಗವಿಲ್ಲ.

2012ರ ನವೆಂಬರ್‌ನಲ್ಲಿ ರೂನ್‌ಸ್ಕೇಪ್‌ನ ಯುದ್ಧದ ರೀತಿಯನ್ನೇ ಬದಲಿಸಿದಾಗ ಹಳಬರು ಮುನಿಸಿಕೊಂಡರು. ಕಂಪನಿಯ ಬಳಿ 2007ರ ಆಗಸ್ಟ್ ತಿಂಗಳ ಆಟದ ಪ್ರತಿಯೊಂದು ಉಳಿದಿತ್ತು. ಅದನ್ನು ಮತ್ತೆ ತೆರೆಯಬೇಕೆ ಎಂದು ಮತಕ್ಕೆ ಹಾಕಿದರೆ ನಾಲ್ಕು ಲಕ್ಷಕ್ಕೂ ಹೆಚ್ಚು ಮತ ಬಿತ್ತು. ಹೀಗೆ 2013ರಲ್ಲಿ ಹಳೆಯ ಆಟ ಮರಳಿ ಬಂತು. ಯಾರ ಹಳೆಯ ಅಂಕವೂ ಮರಳಿ ಬರಲಿಲ್ಲ. ತೊಂಬತ್ತೊಂಬತ್ತು ಕಂಡವರೆಲ್ಲ ಮತ್ತೆ ಒಂದನೆಯ ಮೆಟ್ಟಿಲಲ್ಲಿ ಸಾಲಾಗಿ ನಿಂತು ದಿಮ್ಮಿ ಕಡಿಯತೊಡಗಿದರು, ಅದೂ ಸಂತೋಷದಿಂದ. ಅವರಿಗೆ ಬೇಕಿದ್ದುದು ತುದಿಯಲ್ಲ, ಹತ್ತುವ ಸುಖ ಎನ್ನಬೇಕು.

ಅದೇ ಆಟದಲ್ಲಿ ಬೇರೆ ಕಾರಣಕ್ಕೆ ಹತ್ತಿದವರೂ ಇದ್ದರು. ವೆನೆಜುವೆಲಾದಲ್ಲಿ ಹಣದುಬ್ಬರ ಎಲ್ಲೆ ಮೀರಿದ್ದ 2017ರ ಸುಮಾರಿಗೆ ಅಲ್ಲಿನ ಅನೇಕರು ಇದರೊಳಗೆ ಹಸಿರು ಡ್ರ್ಯಾಗನ್‌ಗಳನ್ನು ಕೊಂದು, ಮೂಳೆ ಚರ್ಮ ಮಾರಿ, ಬಂದ ಆಟದ ಚಿನ್ನವನ್ನು ನಿಜವಾದ ಹಣಕ್ಕೆ ಮಾರತೊಡಗಿದರು. ಅವರ ಪಾಲಿಗೆ ಮೆಟ್ಟಿಲೆಂದರೆ ಬಡ್ತಿ. ಮೆಟ್ಟಿಲು ಏರಿದರೆ ಜುಲ್ರಾ ಎಂಬ ಸರ್ಪವನ್ನು ಕೊಲ್ಲಬಹುದು, ಗಂಟೆಗೆ ಸಿಗುವ ಚಿನ್ನ ಹೆಚ್ಚುತ್ತದೆ. ಸಂಜೆಯ ಹೊತ್ತು ಮೋಜಿಗೆ ಬಂದ ಬೇರೆ ದೇಶದ ಆಟಗಾರರಲ್ಲಿ ಕೆಲವರು, ಆಟ ಕೆಡಿಸುವವರೆಂದು ಇವರನ್ನೇ ಹುಡುಕಿ ಹುಡುಕಿ ಕೊಂದರು. ಆಟದ ಚಿನ್ನ ಮಾರುವುದು ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಕಂಪನಿ ಖಾತೆಯನ್ನೇ ಮುಚ್ಚುತ್ತದೆ; ತಿಂಗಳುಗಟ್ಟಲೆ ಹತ್ತಿದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಮನೆಗೆ ಹಿಟ್ಟು ತರಬೇಕಾದವನು ಆಮೇಲೇನು ಮಾಡಬೇಕು? ಹೊಸ ಹೆಸರಿನಲ್ಲಿ ಹೊಸ ಖಾತೆ ತೆರೆದು ಮತ್ತೆ ಸಾಮಾನ್ಯ ಮರದ ಬುಡಕ್ಕೆ ಬರಬೇಕು. ದಿಮ್ಮಿಗೆ 25 ಅಂಕ.