ಶುಕ್ರವಾರ ರಾತ್ರಿಯ ಕೀರ್ತನೆ



ನಿಮ್ಮ ಧರ್ಮಕೇಂದ್ರದ ಗುರುಗಳು ರಾತ್ರಿ ದೀಪವಾರಿಸುವ ಮುನ್ನ ಏನು ಮಾಡುತ್ತಾರೆಂದು ನೀವು ಎಂದಾದರೂ ಯೋಚಿಸಿದ್ದೀರಾ? ಅಂದಿನ ಲೆಕ್ಕ ಬರೆದು, ದೇವಾಲಯದ ಬಾಗಿಲ ಚಿಲಕವನ್ನು ಇನ್ನೊಮ್ಮೆ ನೋಡಿ ಬಂದು, ಕೊನೆಗೊಂದು ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಾರೆ. ಬ್ರೆವಿಯರಿ ಎಂದು ನಾವು ಕರೆಯುವ ಆ ಪುಸ್ತಕದಲ್ಲಿ ಪವಿತ್ರ ಬೈಬಲಿನ ಕೀರ್ತನೆಗಳು ನಾಲ್ಕು ವಾರಗಳ ಸುತ್ತಿಗೆ ಹಂಚಿಹೋಗಿವೆ. ಯಾಜಕಾಭಿಷೇಕದ ಹಾದಿಯಲ್ಲೇ ಅದನ್ನು ನಿತ್ಯವೂ ಧರ್ಮಸಭೆಯ ಪರವಾಗಿ ಪ್ರಾರ್ಥಿಸುವೆವೆಂದು ಮಾತು ಕೊಟ್ಟಿರುತ್ತೇವೆ. ಮಲಗುವ ಮುನ್ನ ಹೇಳುವ ರಾತ್ರಿ ಪ್ರಾರ್ಥನೆ ಅದರಲ್ಲಿ ಅತ್ಯಂತ ಚಿಕ್ಕದು. ಅದರ ಕೀರ್ತನೆಗಳು ಮಾತ್ರ ವಾರಕ್ಕೊಮ್ಮೆ ಮರಳಿ ಬರುತ್ತವೆ.

ಪ್ರತಿ ಶುಕ್ರವಾರ ರಾತ್ರಿ ಬರುವುದು ಎಂಬತ್ತೆಂಟನೆಯ ಕೀರ್ತನೆ. ಇಲ್ಲಿ ನಾನು ನಿಮ್ಮ ಮುಂದೆ ಒಂದು ಪಾಪನಿವೇದನೆಯನ್ನು ಮಾಡಬೇಕಾಗಿದೆ. ಹಲವು ವರ್ಷಗಳ ಕಾಲ ನಾನು ಆ ಕೀರ್ತನೆಯನ್ನು ಹೇಳಲೇ ಇಲ್ಲ. ನಿಯಮ ಮುರಿದೆನೆಂದಲ್ಲ. ಯಾವ ದಿನವಾದರೂ ಭಾನುವಾರದ ರಾತ್ರಿ ಪ್ರಾರ್ಥನೆಯನ್ನು ಬದಲಿಗೆ ಹೇಳಬಹುದೆಂಬ ಅನುಮತಿಯನ್ನು ಧರ್ಮಸಭೆಯೇ ಕೊಟ್ಟಿದೆ. ಬಾಯಿಪಾಠದಿಂದ ಪ್ರಾರ್ಥಿಸಲು ಇಚ್ಛಿಸುವವರಿಗೆಂದು ಮಾಡಿದ ಅನುಕೂಲವದು. ನಾನು ಆ ಅನುಕೂಲದ ಹಿಂದೆ ಅಡಗಿಕೊಂಡೆ. ಭಾನುವಾರಕ್ಕೆ ಇರುವುದು ತೊಂಬತ್ತೊಂದನೆಯ ಕೀರ್ತನೆ. ದೇವರ ರೆಕ್ಕೆಯ ಆಸರೆ, ದೂತರ ಕಾವಲು, ಯಾವ ಕೇಡೂ ಸೋಂಕದೆಂಬ ಅಭಯ, ಎಲ್ಲವೂ ಅದರಲ್ಲಿವೆ. ಅದನ್ನು ಹೇಳಿ ಮಲಗಿದರೆ ನಿದ್ದೆ ಚೆನ್ನಾಗಿ ಬರುತ್ತದೆ. ಎಂಬತ್ತೆಂಟನೆಯದರಲ್ಲಿ ಅಂತಹ ಒಂದು ಸಾಲೂ ಇಲ್ಲ. ಬೇರೆ ಪ್ರಲಾಪಗೀತೆಗಳು ಕಣ್ಣೀರಿನಿಂದ ತೊಡಗಿ ಕೊನೆಯಲ್ಲಾದರೂ ಸ್ತುತಿಯ ಕಡೆಗೆ ತಿರುಗಿದರೆ, ಇದು ತಿರುಗುವುದೇ ಇಲ್ಲ. ಹೀಬ್ರೂ ಮೂಲದಲ್ಲಿ ಇದರ ಕೊನೆಯ ಪದವೇ ಕತ್ತಲೆ.

ನಾನು ಗುರುಮಠದಲ್ಲಿದ್ದಾಗ ನನ್ನ ತಂದೆ ತೀರಿಕೊಂಡರು. ಬಂದವರೆಲ್ಲರೂ ದೇವರ ಚಿತ್ತಕ್ಕೆ ಸ್ತೋತ್ರ ಹೇಳು ಎಂದರು, ನಾನೂ ಹೇಳಿದೆ. ಗುರುವಾಗಲು ಹೊರಟವನು ಅಳಬಾರದೆಂದು ನನಗೆ ನಾನೇ ವಿಧಿಸಿಕೊಂಡಿದ್ದೆ. ಅಂದು ನುಂಗಿಕೊಂಡದ್ದನ್ನು ಶುಕ್ರವಾರದ ಕೀರ್ತನೆ ಮತ್ತೆ ಮೇಲಕ್ಕೆ ತರುತ್ತಿತ್ತೇನೋ. ಆಗ ಅದು ನನಗೆ ತಿಳಿದಿರಲಿಲ್ಲ.

ನಂತರ ನಾನು ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಗಾನವೃಂದವನ್ನು ಒಬ್ಬ ತಾಯಿ ನಡೆಸುತ್ತಿದ್ದರು. ಸಂಗೀತವನ್ನು ಶಾಲೆಯಲ್ಲಿ ಕಲಿತವರಲ್ಲ. ಹಾರ್ಮೋನಿಯಂ ನುಡಿಸುವ ಹುಡುಗ ತಡವಾಗಿ ಬಂದರೂ ಶ್ರುತಿ ಹಿಡಿದು ಹಾಡು ಎತ್ತಿಕೊಡಬಲ್ಲವರು. ಪಾಸ್ಖ ಜಾಗರಣೆಯ ರಾತ್ರಿ ಅವರು ಮಹಿಮಾಗೀತೆಯನ್ನು ಎತ್ತಿದರೆ, ಗಂಟೆಗಳ ಸದ್ದಿನ ನಡುವೆಯೂ ಅವರ ಸ್ವರ ಬೇರೆಯಾಗಿ ಕೇಳಿಸುತ್ತಿತ್ತು. ಅವರ ಹತ್ತೊಂಬತ್ತು ವರ್ಷದ ಮಗ ಕೆಲಸ ಮುಗಿಸಿ ಬೈಕಿನಲ್ಲಿ ಮರಳುವಾಗ ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿ ತೀರಿಕೊಂಡ. ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ಪ್ರಬೋಧನೆ ನೀಡಿದವನು ನಾನೇ. ಎಲ್ಲಕ್ಕೂ ದೇವರನ್ನು ಸ್ತುತಿಸಬೇಕು, ಕೊಟ್ಟವನೇ ತೆಗೆದುಕೊಂಡನು, ಯೋಬನನ್ನು ನೋಡಿ ಎಂದೆಲ್ಲ ಹೇಳಿದೆ. ಯೋಬನ ಗ್ರಂಥದಲ್ಲಿ ನಲವತ್ತೆರಡು ಅಧ್ಯಾಯಗಳಿವೆ; ಅಂದು ನಾನು ಹೇಳಿದ್ದು ಮೊದಲನೆಯ ಅಧ್ಯಾಯದ ಯೋಬನನ್ನು ಮಾತ್ರ. ಮೂರನೆಯ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸುವ ಯೋಬನು ನನ್ನ ಬಾಯಿಗೆ ಬರಲಿಲ್ಲ.

ಆ ತಾಯಿ ಬಲಿಪೂಜೆಗೆ ಬರುವುದನ್ನು ಬಿಡಲಿಲ್ಲ. ಹಾಡುವುದನ್ನು ಬಿಟ್ಟರು. ಗಾನವೃಂದದ ಬೆಂಚಿನಿಂದೆದ್ದು ಹಿಂಬದಿಯ ಕಂಬದ ಬಳಿ ಕುಳಿತುಕೊಳ್ಳತೊಡಗಿದರು. ಮಹಿಮಾಗೀತೆಗೆ ಎಲ್ಲರೊಂದಿಗೆ ಎದ್ದು ನಿಲ್ಲುವರು, ಬಾಯಿ ತೆರೆಯುತ್ತಿರಲಿಲ್ಲ. ನಾಲ್ಕು ತಿಂಗಳು ಕಳೆಯುವುದರೊಳಗೆ ಅವರ ವಿಶ್ವಾಸ ಕುಂದಿದೆಯೆಂದು ಜನ ಮಾತಾಡಿಕೊಳ್ಳತೊಡಗಿದರು. ನಾನೂ ಹಾಗೆಯೇ ತಿಳಿದು, ತಿದ್ದಿ ಬರೋಣವೆಂದು ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. ನಾನು ಮತ್ತೆ ಸ್ತುತಿಯ ಮಾತನ್ನೇ ಎತ್ತಿದೆ. ಅವರು ಲೋಟವನ್ನು ತಿರುಗಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಸ್ವಾಮಿ, ನಾನು ದೇವರನ್ನು ಬಿಟ್ಟಿಲ್ಲ. ಸುಳ್ಳು ಹಾಡೋಕೆ ಆಗ್ತಿಲ್ಲ ಅಷ್ಟೇ. ಅವನ ಮುಂದೆ ನಿಂತು ಸುಳ್ಳು ಹಾಡಿದ್ರೆ ಅವನಿಗೆ ಗೊತ್ತಾಗಲ್ವಾ?"

ನನ್ನ ಬಳಿ ಉತ್ತರವಿರಲಿಲ್ಲ. ಬೇಗನೆ ಆಶೀರ್ವಾದ ಮಾಡಿ ಎದ್ದು ಬಂದೆ.

ಅಂದು ಶುಕ್ರವಾರವಾಗಿತ್ತೆಂದು ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ಅಂದು ಬುಧವಾರ. ರಾತ್ರಿ ಅಭ್ಯಾಸದಂತೆ ತೊಂಬತ್ತೊಂದನೆಯ ಕೀರ್ತನೆಯನ್ನು ಬಾಯಿಪಾಠದಿಂದ ಆರಂಭಿಸಿದೆ. ಕಾಲು ಕಲ್ಲಿಗೆ ತಾಗದಂತೆ ದೇವದೂತರು ಎತ್ತಿ ಹಿಡಿಯುವರೆಂಬ ಭಾಗಕ್ಕೆ ಬಂದಾಗ ನಾಲಿಗೆ ನಿಂತುಹೋಯಿತು. ಆ ಹುಡುಗನ ದೇಹವನ್ನು ಆಸ್ಪತ್ರೆಯ ಶವಾಗಾರದಲ್ಲಿ ನಾನೇ ನೋಡಿದ್ದೆ. ಗುರುಮಠದಲ್ಲಿ ಕಲಿತಿದ್ದ, ಆದರೆ ಎಂದೂ ಒಳಗಿಳಿಯದಿದ್ದ ಒಂದು ವಿಷಯವೂ ಆಗ ನೆನಪಾಯಿತು. ಶುಭಸಂದೇಶದಲ್ಲಿ ಈ ಸಾಲುಗಳನ್ನು ಉಚ್ಚರಿಸುವವನು ಯಾರು? ಸೈತಾನ. ಮತ್ತಾಯನೂ ಲೂಕನೂ ಇದನ್ನು ಬರೆದಿಟ್ಟಿದ್ದಾರೆ. ಪ್ರಭುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಧುಮುಕು, ದೂತರು ಹಿಡಿಯುತ್ತಾರೆಂದು ಬರೆದಿದೆಯಲ್ಲ ಎನ್ನುತ್ತಾನೆ. ಪ್ರಭು ಯೇಸು ಆ ಕೀರ್ತನೆ ಸುಳ್ಳೆಂದು ಹೇಳಲಿಲ್ಲ. ದೇವರನ್ನು ಪರೀಕ್ಷಿಸಬಾರದೆಂಬ ಧರ್ಮೋಪದೇಶಕಾಂಡದ ಮಾತಿನಿಂದ ಅವನ ಬಾಯಿ ಮುಚ್ಚಿಸಿದರು. ಭರವಸೆಯ ಕೀರ್ತನೆಯನ್ನು ತಪ್ಪು ಸಮಯದಲ್ಲಿ, ತಪ್ಪು ಉದ್ದೇಶಕ್ಕೆ ಹೇಳಬಹುದೆಂಬುದು ನನಗೆ ಅಂದು ಅರಿವಾಯಿತು. ಶವಪೆಟ್ಟಿಗೆಯ ಮುಂದೆ ನಿಂತು ನಾನು ಹೇಳಿದ ಮಾತುಗಳು ನೆನಪಾಗಿ ಬೆವರಿದೆ.

ಪುಸ್ತಕದಲ್ಲಿ ಶುಕ್ರವಾರದ ಪುಟವನ್ನು ತೆರೆದೆ.

ಪ್ರಿಯ ಓದುಗರೇ, ಆ ಕೀರ್ತನೆಯನ್ನು ನೀವೂ ಒಮ್ಮೆ ನಿಧಾನವಾಗಿ ಓದಬೇಕು. ಅದನ್ನು ಹೇಳುತ್ತಿರುವವನು ಸಾವಿನ ಅಂಚಿನಲ್ಲಿದ್ದಾನೆ. ಗೆಳೆಯರು ದೂರ ಸರಿದಿದ್ದಾರೆ. ಇದೆಲ್ಲವೂ ದೇವರ ಕೈಯಿಂದಲೇ ಬಂದಿದೆಯೆಂದು ದೇವರ ಎದುರಿಗೇ ದೂರುತ್ತಾನೆ. ಆದರೂ ಹಗಲು ಕೂಗಿದೆ, ಇರುಳು ಕೂಗಿದೆ, ಬೆಳಿಗ್ಗೆ ಮತ್ತೆ ಬಂದೆ ಎಂದು ತನ್ನ ಪ್ರಾರ್ಥನೆಯ ಲೆಕ್ಕವನ್ನೂ ಒಪ್ಪಿಸುತ್ತಾನೆ. ಸತ್ತವರು ಎದ್ದು ನಿನ್ನನ್ನು ಹೊಗಳುವರೇ, ಸಮಾಧಿಯಲ್ಲಿ ನಿನ್ನ ಪ್ರೀತಿಯನ್ನು ಸಾರುವವರು ಯಾರು ಎಂದು ಕೇಳುತ್ತಾನೆ. ಅಂದರೆ ಆ ಕಡುದುಃಖದಲ್ಲಿಯೂ ಅವನಿಗೆ ಸ್ತುತಿಯದೇ ಚಿಂತೆ! ತಾನು ಹೋದರೆ ದೇವರನ್ನು ಹಾಡುವ ಒಂದು ಕಂಠ ಕಡಿಮೆಯಾಗುತ್ತದೆಂಬುದೇ ಅವನ ವಾದ. ಆಸರೆಯ ಮಾತಿರುವುದು ಒಂದೇ ಕಡೆ, ಮೊಟ್ಟಮೊದಲ ಸಾಲಿನಲ್ಲಿ. ದೇವರನ್ನು ತನ್ನ ಉದ್ಧಾರಕನೆಂದು ಸಂಬೋಧಿಸಿ ಅವನು ಬಾಯಿ ತೆರೆಯುತ್ತಾನೆ. ಆಮೇಲೆ ಹೇಳುವುದೆಲ್ಲವೂ ಕತ್ತಲೆಯೇ, ಆದರೆ ಹೇಳುತ್ತಿರುವುದು ಅವನಿಗೇ.

ಇದನ್ನು ಬರೆದವನು ಯಾರು? ಶಿರೋನಾಮೆಯಲ್ಲಿ ಕೋರಹನ ವಂಶದ ಗಾಯಕರ ಉಲ್ಲೇಖವಿದೆ, ಹೇಮಾನನ ಹೆಸರಿದೆ. ದಾವೀದನು ಆರಾಧನೆಯ ಗಾಯನಕ್ಕೆ ನೇಮಿಸಿದವರಲ್ಲಿ ಹೇಮಾನನೆಂಬವನು ಪ್ರಮುಖನೆಂದು ಪೂರ್ವಕಾಲ ವೃತ್ತಾಂತದ ಮೊದಲನೆಯ ಗ್ರಂಥ ಹೇಳುತ್ತದೆ. ಇಬ್ಬರೂ ಒಬ್ಬರೇ ಎಂಬುದರಲ್ಲಿ ಪಂಡಿತರಿಗೆ ಏಕಾಭಿಪ್ರಾಯವಿಲ್ಲ. ಹೇಗೇ ಇರಲಿ, ಇಡೀ ಕೀರ್ತನೆಗಳ ಗ್ರಂಥದಲ್ಲಿ ಅತ್ಯಂತ ಕತ್ತಲೆಯ ಈ ಹಾಡು ನಮಗೆ ಬಂದಿರುವುದು ಗಾನವೃಂದದವರ ಕೈಯಿಂದ. ಈ ಮಾತು ನನ್ನನ್ನು ನೇರವಾಗಿ ಹಿಂಬದಿಯ ಕಂಬದ ಬಳಿಗೆ ಕರೆದೊಯ್ಯಿತು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ ಪೋಪ್ ಆರನೆಯ ಪೌಲರು 1970ರಲ್ಲಿ ಈ ಪ್ರಾರ್ಥನಾವಿಧಿಯ ಪರಿಷ್ಕರಣೆಗೆ ಅನುಮೋದನೆ ನೀಡಿದರು. ಆಗ 58, 83 ಮತ್ತು 109ನೆಯ ಕೀರ್ತನೆಗಳನ್ನು, ಶತ್ರುಗಳ ಮೇಲಿನ ಶಾಪದ ಮಾತುಗಳು ಅವುಗಳಲ್ಲಿ ತೀವ್ರವಾಗಿವೆಯೆಂದು, ಸಂಪೂರ್ಣವಾಗಿ ಬಿಡಲಾಯಿತು. ಶಾಪವನ್ನು ಬಿಟ್ಟ ಧರ್ಮಸಭೆ ಕತ್ತಲೆಯನ್ನು ಬಿಡಲಿಲ್ಲ. ಅದಕ್ಕೆ ವರ್ಷವಿಡೀ ಪ್ರತಿ ಶುಕ್ರವಾರದ, ಪ್ರಭು ಮರಣಿಸಿದ ದಿನದ, ರಾತ್ರಿಯನ್ನು ಕೊಟ್ಟಿತು. ಧರ್ಮಸಭೆ ಅಷ್ಟು ಜೋಪಾನ ಮಾಡಿಟ್ಟದ್ದನ್ನು ನಾನು ನನ್ನ ನಿದ್ದೆಗಾಗಿ ದಾಟಿಹೋಗುತ್ತಿದ್ದೆ.

ಮರುವಾರ ಬೈಬಲನ್ನು ಹಿಡಿದು ಆ ಮನೆಗೆ ಮತ್ತೆ ಹೋದೆ. ಈ ಸಲ ಉಪದೇಶ ಮಾಡಲಿಲ್ಲ. ನನ್ನ ಪ್ರಬೋಧನೆಗಾಗಿ ಕ್ಷಮೆ ಕೇಳಿದೆ; ಬಳಿಕ ಕೀರ್ತನೆಯನ್ನು ಓದಿದೆ. ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದು ಬೈಬಲಲ್ಲೇ ಇದೆಯಾ ಸ್ವಾಮಿ?" ಪುಸ್ತಕವನ್ನು ತಿರುಗಿಸಿ ತೋರಿಸಿದೆ. ಕನ್ನಡಕ ತರಿಸಿಕೊಂಡು ಬೆರಳಿಟ್ಟು ಓದಿದರು. ಇಪ್ಪತ್ತು ವರ್ಷ ಬಲಿಪೂಜೆಯಲ್ಲಿ ಹಾಡಿದವರಿಗೆ ಇಂತಹದೊಂದು ಹಾಡು ಇದೆಯೆಂದು ನಾವು ಯಾರೂ ಹೇಳಿರಲಿಲ್ಲ.

ಕೀರ್ತನೆಗಳ ಗ್ರಂಥಕ್ಕೆ ಹೀಬ್ರೂ ಭಾಷೆಯಲ್ಲಿ ತೆಹಿಲ್ಲಿಮ್ ಎಂದು ಹೆಸರು. ಸ್ತುತಿಗಳು ಎಂಬುದೇ ಅದರ ಅರ್ಥ. ಆದರೆ ಅದರೊಳಗಿರುವ ನೂರೈವತ್ತರಲ್ಲಿ ಸುಮಾರು ಮೂರನೆಯ ಒಂದು ಭಾಗ ಅಳುವಿನ ಗೀತೆಗಳು. ಅಳುವನ್ನೂ ಸೇರಿಸಿಯೇ ಆ ಜನ ಅದಕ್ಕೆ ಸ್ತುತಿಗಳು ಎಂದು ಹೆಸರಿಟ್ಟರು. ನಾವಾದರೋ ಸ್ತುತಿಯೆಂದರೆ ಕೈಯೆತ್ತಿ ಗಟ್ಟಿಯಾಗಿ ಹಾಡುವುದೊಂದೇ ಎಂದು ತಿಳಿದಿದ್ದೇವೆ. ಪ್ರಾರ್ಥನಾಕೂಟಗಳಲ್ಲಿ ಕೈತಟ್ಟಿ ಹಾಡುವುದಕ್ಕೆ ನಾನು ವಿರೋಧಿಯಲ್ಲ. ನಾನೂ ತಟ್ಟುತ್ತೇನೆ, ತಾಳ ಮಾತ್ರ ತಪ್ಪುತ್ತದೆ. ಆದರೆ ಪಕ್ಕದಲ್ಲಿ ಸುಮ್ಮನೆ ನಿಂತವರನ್ನು ಕಂಡು ಅವರ ವಿಶ್ವಾಸವನ್ನು ಅಳೆಯಬೇಡಿ. ಪ್ರಭು ಯೇಸು ಕೊನೆಯ ಭೋಜನದ ನಂತರ ಶಿಷ್ಯರೊಂದಿಗೆ ಸ್ತುತಿಗೀತೆ ಹಾಡಿ ಓಲಿವ್ ಗುಡ್ಡಕ್ಕೆ ಹೊರಟರು. ಮರುದಿನ ಶಿಲುಬೆಯ ಮೇಲೆ, ತಂದೆ ತನ್ನನ್ನು ಕೈಬಿಟ್ಟದ್ದೇಕೆಂಬ ಇಪ್ಪತ್ತೆರಡನೆಯ ಕೀರ್ತನೆಯ ಕೂಗು ಅವರ ಬಾಯಿಂದಲೇ ಬಂತು. ಎರಡೂ ಅವರ ಪ್ರಾರ್ಥನೆಯೇ. ಹಾಡಿದ್ದು ವಿಶ್ವಾಸ, ಕೂಗಿದ್ದು ಅವಿಶ್ವಾಸ ಎಂದು ಹೇಳಲು ನಮ್ಮಲ್ಲಿ ಯಾರಿಗೆ ಧೈರ್ಯವಿದೆ?

ನಿಮ್ಮ ಮನೆಗಳಲ್ಲಿ ಸಂಜೆಯ ಪ್ರಾರ್ಥನೆ ಇನ್ನೂ ಉಳಿದಿದ್ದರೆ ಒಂದು ವಿನಂತಿ. ಜಪಸರ ಮುಗಿದ ಮೇಲೆ, ಶುಕ್ರವಾರಗಳಲ್ಲಾದರೂ, ಈ ಕೀರ್ತನೆಯನ್ನು ಓದಿ. ಮನೆಯಲ್ಲಿ ಎಲ್ಲರೂ ಸುಖವಾಗಿದ್ದರೂ ಓದಿ. ಅಂದು ಇನ್ನಾವುದೋ ಮನೆಯಲ್ಲಿ, ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ, ಇದನ್ನು ಹೇಳಬೇಕಾದವರಿಗೆ ಬಾಯಿ ಬಾರದೆ ಇರಬಹುದು. ಅವರ ಪರವಾಗಿ ಹೇಳಿ. ಯಾಜಕರು ಪುಸ್ತಕ ಹಿಡಿದು ಮಾಡುವ ಕೆಲಸವೂ ಇದೇ. ನಿಮ್ಮದೇ ಮನೆಯಲ್ಲಿ ದುಃಖವಿದ್ದರೆ ಮಕ್ಕಳ ಮುಂದೆ ಓದಲು ಹಿಂಜರಿಯಬೇಡಿ. ಅಪ್ಪ ಅಮ್ಮ ದೇವರ ಹತ್ತಿರ ಅಳಬಹುದೆಂದು ಅವರು ಕಾಣಲಿ. ಓದಿದ ಬಳಿಕ ಮಾತು ಬೇಕೆನಿಸಿದರೆ ಹೀಗೆ ಪ್ರಾರ್ಥಿಸಬಹುದು:

ಪ್ರಭುವೇ, ಇಂದು ನಮ್ಮ ಬಾಯಲ್ಲಿ ಹಾಡಿಲ್ಲ. ಇದ್ದುದನ್ನು ಇದ್ದ ಹಾಗೆ ನಿಮ್ಮ ಮುಂದೆ ಇಟ್ಟಿದ್ದೇವೆ. ನಮ್ಮ ಪ್ರಶ್ನೆಗಳಿಗೆ ನೀವು ಇಂದೇ ಉತ್ತರ ಕೊಡದಿದ್ದರೂ ನಾಳೆ ಬೆಳಿಗ್ಗೆ ಮತ್ತೆ ನಿಮ್ಮ ಬಳಿಗೇ ಬರುತ್ತೇವೆ. ನಮ್ಮ ಮೌನವನ್ನು ಸ್ತುತಿಯೆಂದು ಸ್ವೀಕರಿಸಿರಿ. ಶಿಲುಬೆಯ ಮೇಲೆ ಕೂಗಿದ ನಿಮ್ಮ ಧ್ವನಿಯೊಂದಿಗೆ ನಮ್ಮ ಧ್ವನಿಯನ್ನೂ ಸೇರಿಸಿಕೊಳ್ಳಿರಿ. ಆಮೆನ್.

ಮಗನ ವರ್ಷದ ನೆನಪಿನ ಬಲಿಪೂಜೆ ಮುಗಿದ ಸಂಜೆ ಆ ತಾಯಿ ನನ್ನನ್ನು ಮನೆಯ ಪ್ರಾರ್ಥನೆಗೆ ಕರೆದಿದ್ದರು. ಪೀಠದ ಮುಂದೆ ಮೇಣದಬತ್ತಿ, ಹುಡುಗನ ಫೋಟೋ, ಹತ್ತಿರದ ನಂಟರು ಐದಾರು ಮಂದಿ. ಜಪಸರ ಮುಗಿದ ಮೇಲೆ ಅವರು ಬೈಬಲ್ ತೆರೆದು ಎಂಬತ್ತೆಂಟನೆಯ ಕೀರ್ತನೆಯನ್ನು ಹಾಡಿದರು. ರಾಗ ಅವರದೇ, ಜೋಗುಳಕ್ಕೆ ಹತ್ತಿರವಾದುದು. ಒಂದೂವರೆ ವರ್ಷದ ಹಿಂದೆ ಪಾಸ್ಖದ ರಾತ್ರಿ ಕೇಳಿದ ಸ್ವರವಾಗಿರಲಿಲ್ಲ ಅದು. ಎರಡು ಕಡೆ ಒಡೆಯಿತು, ಒಂದು ಕಡೆ ನಿಂತೇ ಹೋಯಿತು, ಮತ್ತೆ ಮುಂದುವರಿಯಿತು. ಕೊನೆಯ ಪದ ಮುಗಿದಾಗ ಯಾರೂ ಅಲುಗಾಡಲಿಲ್ಲ. ಒಳಗೆ ಒಲೆಯ ಮೇಲೆ ಅನ್ನ ಕುದಿಯುವ ಸದ್ದು ಕೇಳುತ್ತಿತ್ತು.

ಪ್ರತಿ ಕೀರ್ತನೆಯ ಕೊನೆಗೂ, ಈ ಕೀರ್ತನೆಯ ಕೊನೆಗೂ, ಪಿತ ಸುತ ಪವಿತ್ರಾತ್ಮರಿಗೆ ಮಹಿಮೆ ಸಲ್ಲಿಸುವ ತ್ರಿತ್ವಸ್ತುತಿಯನ್ನು ಸೇರಿಸುವುದು ಧರ್ಮಸಭೆಯ ಪದ್ಧತಿ. ಅಂದು ಅದನ್ನು ಆರಂಭಿಸಲು ನನಗೆ ಧೈರ್ಯವಾಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅವರ ಕಿರಿಯ ಮಗಳು, ಶಾಲೆಗೆ ಹೋಗುವ ಹುಡುಗಿ, ತಾಯಿಯ ಕೈ ಹಿಡಿದುಕೊಂಡು ಮೆಲ್ಲಗೆ ಎತ್ತಿಕೊಂಡಳು. ನಾವೂ ದನಿಗೂಡಿಸಿದೆವು. ತಾಯಿಯ ತುಟಿ ಅಲುಗಾಡಿತೋ ಇಲ್ಲವೋ ನಾನು ನೋಡಲಿಲ್ಲ, ತಲೆ ತಗ್ಗಿಸಿದ್ದೆ.