ಎರಡು ಪೆಟ್ಟಿಗೆ, ಎಂಬತ್ತೆಂಟು ಮನೆ

“ಸ್ಟೇಜ್ ಪಿಯಾನೋ ಸ್ಟೇಜ್ ಪಿಯಾನೋ ಅಂತೀರಲ್ಲ, ಸ್ಟೇಜ್ ಎಲ್ಲಿದೇರೀ?”

ನನ್ನ ಹೆಂಡತಿಯ ಈ ಪ್ರಶ್ನೆಗೆ ಎರಡು ತಿಂಗಳಿಂದ ಉತ್ತರ ಹುಡುಕುತ್ತಿದ್ದೆ. 52 ವರ್ಷ ವಯಸ್ಸು, ಬ್ಯಾಂಕಿನ ಕೆಲಸ, ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟು, ಸೊಂಟಕ್ಕೊಂದು ಬೆಲ್ಟು. ಇಷ್ಟರಲ್ಲಿ ಸ್ಟೇಜ್ ಅನ್ನುವಂಥದ್ದು ಇದ್ದರೆ ಡಾಕ್ಟರು ನನ್ನ ಬಿ.ಪಿ. ನೋಡಿ ಹೇಳಿದ ‘ಫಸ್ಟ್ ಸ್ಟೇಜ್’ ಒಂದೇ.

ಮನೆಯಲ್ಲಿಡಲೆಂದು ಮಾಡಿದ ಡಿಜಿಟಲ್ ಪಿಯಾನೋಗೆ ಮರದ ಮೈ, ಕಾಲು, ಮುಚ್ಚಳ ಎಲ್ಲ ಇರುತ್ತವೆ. ಬೀರುವಿನ ತಂಗಿಯ ಹಾಗೆ ಗೋಡೆಗೊರಗಿ ನಿಂತರೆ ಮುಗಿಯಿತು. ಸ್ಟೇಜ್ ಪಿಯಾನೋಗೆ ಕಾಲೂ ಇಲ್ಲ, ಮುಚ್ಚಳವೂ ಇಲ್ಲ. ಚೀಲಕ್ಕೆ ತುರುಕಿ, ವ್ಯಾನಿಗೆ ಏರಿಸಿ, ಇವತ್ತು ಈ ಊರು ನಾಳೆ ಆ ಊರು ಎಂದು ತಿರುಗುವ ಕಲಾವಿದರಿಗಾಗಿ ಹುಟ್ಟಿದ ವಾದ್ಯ ಅದು. ನಾನು ತಿರುಗುವುದೆಂದರೆ ಬೆಳಿಗ್ಗೆ ಹಾಲು ತರಲು. ಆದರೂ ನನಗೆ ಅದೇ ಬೇಕಾಗಿತ್ತು. ಅಲೆಮಾರಿಯ ವಾದ್ಯವೊಂದು ಮನೆಯಲ್ಲಿದ್ದರೆ, ನಾನೂ ಯಾವತ್ತೋ ಒಂದು ದಿನ ಹೊರಟೇಬಿಡಬಹುದು ಎಂಬ ಭ್ರಮೆಗೆ ಒಂದು ಆಧಾರ.

ಈ ಹುಚ್ಚಿನ ಬೇರು ನಮ್ಮ ತಾತನಲ್ಲಿದೆ. ತುಮಕೂರು ಕಡೆಯ ಹಳ್ಳಿಗಳಲ್ಲಿ ಅವರು ಹಾರ್ಮೋನಿಯಂ ಮೇಷ್ಟ್ರು. ಸುಗ್ಗಿ ಮುಗಿಯಿತೆಂದರೆ ‘ಕುರುಕ್ಷೇತ್ರ’ ನಾಟಕ ಕಲಿಸಲು ಕರೆ ಬರುತ್ತಿತ್ತು. ಹಗಲೆಲ್ಲ ರಾಗಿ ಬಡಿದು ಬಂದ ದುರ್ಯೋಧನ, ಡೈರಿಗೆ ಹಾಲು ಹಾಕಿ ಬಂದ ಕೃಷ್ಣ, ಬೀಡಿ ಬಿಡಲೊಲ್ಲದ ಭೀಷ್ಮ, ಇವರೆಲ್ಲರ ಗಂಟಲಿಂದ ಕಂದಪದ್ಯ ಹೊರಡಿಸುವುದು ತಾತನ ಕೆಲಸ. ಅವರದು ಕಾಲು ಹಾರ್ಮೋನಿಯಂ. ಕೆಳಗೆ ಪಾದದಲ್ಲಿ ತಿದಿ ತುಳಿಯುತ್ತ ಮೇಲೆ ಎರಡೂ ಕೈಯಲ್ಲಿ ಬಾರಿಸುವ ಪೆಟ್ಟಿಗೆ. ಅದರ ಕೀಲಿಗಳಿಗೆ ತಾತ ‘ಮನೆ’ ಎನ್ನುತ್ತಿದ್ದರು. ಶ್ರುತಿಯ ಲೆಕ್ಕ ಹೇಳುವ ಸಂಗೀತದವರು ಈಗಲೂ ಹಾಗೇ ಹೇಳುತ್ತಾರೆ: ಬಿಳಿಯದು ಪೂರ್ತಿ ಮನೆ, ಕರಿಯದು ಅರ್ಧ. “ದುರ್ಯೋಧನಂಗೆ ಐದೂವರೆ ಮನೆ. ಕೃಷ್ಣನ್ನ ಅಲ್ಲಿಗೆ ಹತ್ತಿಸಿದ್ರೆ ಅಳ್ತಾನೆ,” ಎಂದು ತಾತ ಹೇಳುವಾಗ, ಮಹಾಭಾರತದವರೆಲ್ಲ ಒಂದೇ ಬೀದಿಯಲ್ಲಿ ಬಾಡಿಗೆಗಿದ್ದಾರೆಂದು ನಾನು ತಿಳಿದಿದ್ದೆ.

ತಾತ ಕೂರುತ್ತಿದ್ದುದು ರಂಗದ ಮೇಲಲ್ಲ, ಅದರ ಮುಂದೆ, ನೆಲದ ಮೇಲೆ. ಮುಖ ನಟರ ಕಡೆಗೆ, ಬೆನ್ನು ಜನರ ಕಡೆಗೆ. ರಾತ್ರಿಯಿಡೀ ಊರಿಗೆ ಊರೇ ಅವರ ಬೆನ್ನನ್ನು ನೋಡುತ್ತಿತ್ತು. “ಬೇಜಾರಾಗಲ್ವಾ ತಾತ?” ಎಂದು ಒಮ್ಮೆ ಕೇಳಿದ್ದೆ. “ಅದೇ ಒಳ್ಳೇದು ಕಣೋ. ಹಿಂದೆ ಎಷ್ಟು ಜನ ಎದ್ದು ಹೋದ್ರು ಅಂತ ಗೊತ್ತಾಗಲ್ಲ,” ಎಂದಿದ್ದರು.

ಕಾಲೇಜಿನಲ್ಲಿ ನಾನೂ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಬಾಡಿಗೆ ಕೀಬೋರ್ಡ್ ಬಾರಿಸಿದೆ. ಯಾವ ಕಂಪನಿಯದಾದರೂ ಆಗ ಅದಕ್ಕೆ ‘ಕ್ಯಾಸಿಯೋ’ ಎಂದೇ ಹೆಸರು. ಆಮೇಲೆ ಬ್ಯಾಂಕಿನ ಪರೀಕ್ಷೆ ಪಾಸಾಯಿತು. ಮೈಸೂರಿನ ಜಯಚಾಮರಾಜ ಒಡೆಯರಿಗೂ ಪಿಯಾನೋ ವಾದಕರಾಗುವ ಆಸೆಯಿತ್ತಂತೆ. 1940ರಲ್ಲಿ ಪಟ್ಟಕ್ಕೆ ಬರಬೇಕಾಯಿತು, ಆಸೆ ಹಾಗೇ ಉಳಿಯಿತು. ಆದರೆ ಮಹಾರಾಜರು ಸುಮ್ಮನೆ ಕೂರಲಿಲ್ಲ. ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್‌ಗೆ ತನ್ನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಆತ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ. ಅವರಿಗೆ ಸಿಂಹಾಸನ ಅಡ್ಡ ಬಂತು, ನನಗೆ ಕ್ಯಾಶ್ ಕೌಂಟರಿನ ಕುರ್ಚಿ. ಸಂಕಟ ಒಂದೇ, ಸಂಬಳ ಮಾತ್ರ ಬೇರೆ.

ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದಳು, ಮನೆ ಸಾಲ ತೀರಿತು. ಆಗ ತಾತನ ಪೆಟ್ಟಿಗೆ ನೆನಪಾಯಿತು. ಎಷ್ಟೋ ಪಿಯಾನೋಗಳ ಗುಣಾವಗುಣ ಓದಿ, ಕೊನೆಗೆ ಕಣದಲ್ಲಿ ಎರಡನ್ನು ಉಳಿಸಿಕೊಂಡೆ. ಒಂದು 2019ರಲ್ಲಿ ಬಂದ ಯಮಾಹಾ ಸಿಪಿ88, ಇನ್ನೊಂದು 2020ರಲ್ಲಿ ಬಂದ ರೋಲ್ಯಾಂಡ್ ಆರ್‌ಡಿ-88. ಎರಡರಲ್ಲೂ 88 ಮನೆ: ಬಿಳಿ 52, ಕಪ್ಪು 36. ಬಿಳಿಯದು ನನ್ನ ವಯಸ್ಸಿಗೆ ಸರಿಯಾಗಿ ಕೂತಿತು. ಕಪ್ಪು ನೋಡಿದರೆ ಜಾತಕದ 36ಕ್ಕೆ 36 ಗುಣವೂ ಕೂಡಿಬಂದಿತ್ತು. ತೊಡಕೆಂದರೆ ಎರಡೂ ಜಾತಕ ಕೂಡುತ್ತಿದ್ದವು. ಊರು ಕೂಡ ಒಂದೇ. ಎರಡೂ ಕಂಪನಿಗಳ ಮುಖ್ಯ ಕಚೇರಿ ಇರುವುದು ಜಪಾನಿನ ಹಮಾಮಾತ್ಸುವಿನಲ್ಲಿ. ಯಮಾಹಾ ಅಲ್ಲೇ ಹುಟ್ಟಿದ್ದು, ರೋಲ್ಯಾಂಡ್ 1972ರಲ್ಲಿ ಒಸಾಕಾದಲ್ಲಿ ಹುಟ್ಟಿ ಆಮೇಲೆ ಅಲ್ಲಿಗೆ ಬಂದು ನೆಲೆಸಿದ್ದು. ಒಬ್ಬಳು ಮನೆಮಗಳು, ಇನ್ನೊಬ್ಬಳು ಸೊಸೆ ಅನ್ನಿ.

ಬ್ಯಾಂಕಿನವನ ಚಟ, ಹಳೆಯ ನೋಟ್‌ಬುಕ್ಕಿನಲ್ಲಿ ನಡುವೆ ಗೀಟೆಳೆದು ಜಮಾ-ಖರ್ಚು ಬರೆದೆ. ಯಮಾಹಾ: ಕೀಲಿಯೊಳಗೆ ನಿಜವಾದ ಮರ. ಪ್ರತಿ ಕೆಲಸಕ್ಕೂ ಬೇರೆ ಬೇರೆ ಗುಂಡಿ, ಹುಡುಕಾಟವಿಲ್ಲ. ತನ್ನದೇ ದೊಡ್ಡ ಗ್ರ್ಯಾಂಡ್ ಪಿಯಾನೋದ ನಾದದ ಜೊತೆಗೆ ವಿಯೆನ್ನಾದ ಬೋಸೆನ್‌ಡಾರ್ಫರ್ ಇಂಪೀರಿಯಲ್‌ನ ನಾದವೂ ಉಂಟು. ಆ ಅಸಲಿ ಇಂಪೀರಿಯಲ್‌ಗೆ 97 ಮನೆ. ಬಂಗಲೆಯ ಯಜಮಾನರು ಔಟ್‌ಹೌಸಿನಲ್ಲಿ ಬಂದು ಇಳಿದುಕೊಂಡಂತೆ. ತೂಕ 18.6 ಕೆ.ಜಿ., ಸ್ಪೀಕರ್ ಇಲ್ಲ. ರೋಲ್ಯಾಂಡ್: ಕೀಲಿ ಪ್ಲಾಸ್ಟಿಕ್ಕಿನದು, ಬೆವರಿದ ಬೆರಳು ಜಾರದಂತೆ ಮೇಲೆ ದಂತದ ಹಾಗೆ ತುಸು ತರಿತರಿ. 3000ಕ್ಕೂ ಹೆಚ್ಚು ನಾದಗಳು. ತೂಕ 13.5 ಕೆ.ಜಿ., ಸ್ಪೀಕರ್ ಒಳಗೇ ಇದೆ. ತಾತ ಒಂದೇ ನಾದದಲ್ಲಿ ಹದಿನೆಂಟು ಅಕ್ಷೋಹಿಣಿ ಸೈನ್ಯ ಕೊಲ್ಲಿಸಿದ್ದರು. ನನಗೆ 3000 ಸಾಕೇ ಎಂದು ಯೋಚಿಸುತ್ತಿದ್ದೆ.

ವಾದ್ಯದಂಗಡಿಗೆ ಮೊದಲ ಸಲ ಹೋದಾಗ ಕಿವಿಗೆ ಓಲೆ ಹಾಕಿದ ಹುಡುಗನೊಬ್ಬ “ಹೇಳಿ ಅಂಕಲ್, ಮಗೂಗಾ?” ಎಂದ. ನನಗೇ ಎಂದೆ. “ಯಾವ ಗ್ರೇಡ್ ಸರ್?” ಎಂದ. ಸ್ಕೇಲ್-ಒನ್ ಆಫೀಸರ್ ಎನ್ನಲು ಬಾಯಿ ತೆರೆದವನು ತಡೆದುಕೊಂಡೆ. ಪಕ್ಕದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಪಾಶ್ಚಾತ್ಯ ಸಂಗೀತವನ್ನು ನೀರು ಸುರಿದ ಹಾಗೆ ಬಾರಿಸುತ್ತಿದ್ದಳು. ನಾನು ಹೆಡ್‌ಫೋನ್ ಕೇಳಿ ಪಡೆದೆ, ಕಿವಿಗಲ್ಲ, ಮಾನಕ್ಕೆ. ಲಕ್ಷ ದಾಟಿದ ವಾದ್ಯದ ಮುಂದೆ ಕೂತಾಗ ನನ್ನ ಬೆರಳಿಗೆ ನೆನಪಾದದ್ದು ಸರಳೆ ವರಸೆ.

ಆದರೆ ಆ ಮರದ ಕೀಲಿ! ಅದು ಇಳಿಯುವ ರೀತಿಯಲ್ಲೇ ಒಂದು ಗಾಂಭೀರ್ಯ. ಎಡಗಡೆಯವು ಭಾರ, ಬಲಕ್ಕೆ ಹೋದಂತೆ ಹಗುರ. ಅಸಲಿ ಪಿಯಾನೋದಲ್ಲಿ ಮಂದ್ರದ ಸುತ್ತಿಗೆಗಳು ದೊಡ್ಡವು, ತಾರದವು ಚಿಕ್ಕವು, ಅದಕ್ಕೆ ಹಾಗೆ. ಇಟಲಿಯ ಫ್ಲಾರೆನ್ಸಿನಲ್ಲಿ 1700ರ ಸುಮಾರಿಗೆ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಇದನ್ನು ಕಟ್ಟಿದಾಗ ದೊಡ್ಡ ತಲೆನೋವಾಗಿದ್ದದ್ದು ಸುತ್ತಿಗೆಯೇ. ತಂತಿಗೆ ಬಡಿದು ಅಲ್ಲೇ ಕೂತರೆ ನಾದ ಸತ್ತುಹೋಗುತ್ತದೆ. ಬಡಿದ ತಕ್ಷಣ ಹಿಂದೆ ಬೀಳಬೇಕು. ಆತ ಅದಕ್ಕೊಂದು ಉಪಾಯ ಹೂಡಿದ. ಗ್ರ್ಯಾಂಡ್ ಪಿಯಾನೋದ ಕೀಲಿಯನ್ನು ಮೆಲ್ಲಗೆ ಒತ್ತಿದರೆ ತಳ ಮುಟ್ಟುವ ಮುಂಚೆ ಬೆರಳಿಗೆ ಸಣ್ಣದೊಂದು ತಡೆ ತಾಗುತ್ತದಲ್ಲ, ಅದು ಆ ಉಪಾಯದ ಗುರುತು. ಡಿಜಿಟಲ್‌ನಲ್ಲಿ ತಂತಿಯೇ ಇಲ್ಲ. ಕೀಲಿ ಎಷ್ಟು ಬೇಗ ಇಳಿಯಿತೆಂದು ಸೆನ್ಸರ್ ಅಳೆಯುತ್ತದೆ, ಅದಕ್ಕೆ ತಕ್ಕ ನಾದ ಹೊರಡುತ್ತದೆ. ಆದರೂ ಒಳಗೆ ಸುತ್ತಿಗೆಯ ಭಾರವನ್ನು ಇಟ್ಟಿದ್ದಾರೆ. ರೋಲ್ಯಾಂಡ್‌ನವರು ಆ ಸಣ್ಣ ತಡೆಯನ್ನೂ ಬಿಟ್ಟಿಲ್ಲ. ನಮ್ಮ ತಂದೆ ರಿಟೈರ್ ಆಗಿ ಆರು ವರ್ಷವಾದರೂ ಬೆಳಿಗ್ಗೆ ಒಂಬತ್ತಾದರೆ ಚಪ್ಪಲಿ ಹುಡುಕುತ್ತಿದ್ದರು. ಅವರ ನೆನಪಾಗಿ ಆ ಕೀಲಿಯನ್ನು ನಾಲ್ಕಾರು ಸಲ ಮೆಲ್ಲಗೆ ಒತ್ತಿದೆ.

ಎರಡಕ್ಕೂ ಎಡಗಡೆ ಸ್ವರ ಬಗ್ಗಿಸುವ ಒಂದೊಂದು ಸಾಧನವಿದೆ. ಹಾರ್ಮೋನಿಯಂನಲ್ಲಿ ಸ್ವರ ಬಾಗುವುದಿಲ್ಲ, ಗಮಕ ನಿಲ್ಲುವುದಿಲ್ಲ ಎಂದು ವಿದ್ವಾಂಸರು ಅದನ್ನು ದೂರ ಇಟ್ಟಿದ್ದರು. ಆಕಾಶವಾಣಿಯೂ 1940ರಿಂದ ಮೂರು ದಶಕ ಅದನ್ನು ಒಳಗೆ ಬಿಟ್ಟಿರಲಿಲ್ಲ. ತಾತನಿಗೆ ಸಿಗದ ಗಮಕ ನನಗೆ ಸಿಕ್ಕಿತೆಂದು ಆ ಸಾಧನ ಅಲ್ಲಾಡಿಸುತ್ತ ತೋಡಿಯ ಗಾಂಧಾರಕ್ಕೆ ಕೈ ಹಾಕಿದೆ. ಬಾಗಿಲ ಸಂದಿಗೆ ಬೆಕ್ಕಿನ ಬಾಲ ಸಿಕ್ಕಿಕೊಂಡಂತೆ ಕೇಳಿತು. ಹೆಡ್‌ಫೋನ್ ಹಾಕಿಕೊಂಡಿದ್ದು ಪುಣ್ಯ.

ಎರಡನೇ ಸಲ ಹೋಗುವ ಹೊತ್ತಿಗೆ ನನ್ನ ತಲೆಯಲ್ಲಿ ತೂಕ ಕೂತಿತ್ತು. ಎರಡಕ್ಕೂ ಇದ್ದ ಅಂತರ 5.1 ಕೆ.ಜಿ. ಅಡುಗೆಮನೆಯ ಸಿಲಿಂಡರಿನೊಳಗೆ ತುಂಬುವ ಗ್ಯಾಸು 14.2 ಕೆ.ಜಿ. ರೋಲ್ಯಾಂಡ್ ಅದಕ್ಕಿಂತ ಹಗುರ, ಯಮಾಹಾ ಅದಕ್ಕಿಂತ ಭಾರ. ತೊರಾಕುಸು ಯಮಾಹಾ ಕಥೆ ಆಗಲೇ ಓದಿದ್ದು. 1887ರಲ್ಲಿ ಆತ ಹಮಾಮಾತ್ಸುವಿನ ಶಾಲೆಯೊಂದರ ಕೆಟ್ಟುಹೋದ ರೀಡ್ ಆರ್ಗನ್ ರಿಪೇರಿ ಮಾಡಿದ. ಅದೂ ಕಾಲಲ್ಲಿ ತಿದಿ ತುಳಿಯುವ ವಾದ್ಯವೇ, ತಾತನ ಪೆಟ್ಟಿಗೆಯ ದೊಡ್ಡಪ್ಪನ ಮಗ. ಅದನ್ನು ನೋಡಿ ತಾನೇ ಒಂದು ಕಟ್ಟಿದ. ಜೊತೆಗಾರನೊಬ್ಬನನ್ನು ಕರೆದುಕೊಂಡು, ಕೋಲಿಗೆ ಕಟ್ಟಿ ಹೆಗಲ ಮೇಲೆ ಹೊತ್ತು, ಹಕೊನೆ ಬೆಟ್ಟ ಹತ್ತಿಳಿದು ಟೋಕಿಯೋಗೆ ನಡೆದ. ಅಲ್ಲಿನ ತಜ್ಞರು ಕೇಳಿ, ಶ್ರುತಿ ಸರಿಯಿಲ್ಲ ಎಂದರು. ಅಷ್ಟು ದೂರ ಹೊತ್ತು ಹೋದವನಿಗೆ ಹೇಗಾಗಿರಬೇಡ! ಆತ ಅಲ್ಲೇ ಇದ್ದು ಶ್ರುತಿ ಮಾಡುವುದನ್ನು ಕಲಿತು, ವಾಪಸು ಬಂದು ಇನ್ನೊಂದು ಕಟ್ಟಿದ.

ಆ ಕಥೆಯನ್ನು ಹೆಂಡತಿಗೆ ಉತ್ಸಾಹದಿಂದ ಹೇಳಿದೆ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತ ಕೇಳಿದಳು: “ಸರಿ, ನೀವು ಎಲ್ಲಿಗೆ ಹೊರ್ತೀರಿ?”

ನಿಜ, ಎಲ್ಲಿಗೆ? ರಾತ್ರಿ ಹಾಸಿಗೆಯಲ್ಲಿ ಲೆಕ್ಕ ಹಾಕಿದೆ. ನಮ್ಮ ಆರ್ಕೆಸ್ಟ್ರಾದ ತಬಲದವನು ಹುಬ್ಬಳ್ಳಿಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಹಾಡುತ್ತಿದ್ದವನಿಗೆ ಮೊಮ್ಮಗು. ಡ್ರಮ್ಸ್ ಬಾರಿಸುತ್ತಿದ್ದವನು ಈಗಿಲ್ಲ. ಒಂದೊಂದು ಗ್ರಾಮೂ ತೂಗಿ ನೋಡುತ್ತಿದ್ದೆನಲ್ಲ, ಆ ಪಿಯಾನೋವನ್ನು ನಾನು ಹೊತ್ತೊಯ್ಯಬೇಕೆಂದುಕೊಂಡಿದ್ದದ್ದು ಮೂವತ್ತು ವರ್ಷ ಹಿಂದಿನ ಒಂದು ಪೆಂಡಾಲಿಗೆ. ಅಲ್ಲಿಗೆ ಯಾವ ವ್ಯಾನೂ ಹೋಗುವುದಿಲ್ಲ.

ಮೂರನೇ ಸಲ ಹೆಂಡತಿಯೂ ಬಂದಳು. ಮನಸ್ಸಿನಲ್ಲಿ ನಾನಾಗಲೇ ಯಮಾಹಾಕ್ಕೆ ತಾಳಿ ಕಟ್ಟಿ ಆಗಿತ್ತು. ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ತಲೆಯಾಡಿಸುತ್ತ ಹತ್ತು ನಿಮಿಷ ಬಾರಿಸಿದೆ. ಕಣ್ಣು ಬಿಟ್ಟಾಗ ಅವಳು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಳು.

“ಹೇಗಿತ್ತು?” ಎಂದೆ.

“ಟಕ ಟಕ ಟಕ ಅಂತ, ತರಕಾರಿ ಹೆಚ್ಚಿದ ಹಾಗೆ.”

ಹೆಡ್‌ಫೋನಿನ ಹೊರಗಿರುವವರಿಗೆ ಡಿಜಿಟಲ್ ಪಿಯಾನೋ ಅಷ್ಟೇ: ಕೀಲಿ ತಳಕ್ಕೆ ಬಡಿಯುವ ಸದ್ದು. ಅವಳು ಹುಡುಗನ ಕಡೆ ತಿರುಗಿ, “ಇದು ಹೊರಗೆ ಕೇಳಿಸಲ್ವಾ?” ಎಂದಳು.

“ಕೇಳ್ಸತ್ತೆ ಮೇಡಂ, ಆದ್ರೆ ಇದಕ್ಕೆ ಬೇರೆ ಸ್ಪೀಕರ್ ಬೇಕು. ಪ್ರೊಫೆಷನಲ್ಸ್‌ಗೆ ಅಂತ ಮಾಡಿರೋದು. ಸ್ಟೇಜಲ್ಲಿ ಸೌಂಡ್‌ನವರು ಕನೆಕ್ಷನ್ ಕೊಡ್ತಾರೆ.”

“ನಮ್ಮನೇಲಿ ಸೌಂಡ್‌ನವರು ಯಾರೂ ಇಲ್ಲಪ್ಪ. ಆ ಇನ್ನೊಂದು?”

“ಅದ್ರಲ್ಲಿ ಒಳಗೇ ಇದೆ.”

ಅವಳು ರೋಲ್ಯಾಂಡ್‌ನ ಹತ್ತಿರ ಹೋಗಿ, ಸಂಗೀತ ಕಲಿಯದವರು ಕಾಲಿಂಗ್ ಬೆಲ್ ಒತ್ತುವಂತೆ ಒಂದು ಬಿಳಿ ಮನೆ ಒತ್ತಿದಳು. ನಾದ ಬಂತು. ಅದು ಕರಗಿ ಹೋಗುವ ತನಕ ಬೆರಳು ತೆಗೆಯಲಿಲ್ಲ. ಆಮೇಲೆ, ಹುಡುಗನಿಗೆ ಕೇಳಿಸದ ಹಾಗೆ ಹೇಳಿದಳು: “ಮದುವೆಯಾದಾಗಿಂದ ನಿಮ್ಮ ಆರ್ಕೆಸ್ಟ್ರಾ ಕಥೆ ಕೇಳಿದ್ದೀನಿ. ನೀವು ಬಾರಿಸೋದನ್ನ ಒಂದು ದಿನವೂ ಕೇಳಿಲ್ಲ.”

ನೋಟ್‌ಬುಕ್ಕಿನ ಜಮಾ-ಖರ್ಚಿನಲ್ಲಿ ಇದಕ್ಕೊಂದು ಕಾಲಂ ಇರಲಿಲ್ಲ.

ಹೀಗೆ ಬೆರಳಿಗೆ ಬೇಕಾದ ಮರ ಅಂಗಡಿಯಲ್ಲೇ ಉಳಿಯಿತು. 13.5 ಕೆ.ಜಿ. ಮನೆಗೆ ಬಂತು. ಮೂರು ಮಹಡಿ ಹೊರುವೆನೆಂದು ಹೊರಟ ನನ್ನನ್ನು ತಡೆದು, ಹುಡುಗನೇ ಅದನ್ನು ಲಿಫ್ಟಿನಲ್ಲಿ ತಂದಿಟ್ಟ. ಹಾಲ್‌ನಲ್ಲಿ ಇದ್ದ ಖಾಲಿ ಪ್ಲಗ್ ಪಾಯಿಂಟ್ ಒಂದೇ, ಸೋಫಾದ ಎದುರು ಗೋಡೆಯಲ್ಲಿ. ಅಲ್ಲಿಗೆ ಸ್ಟ್ಯಾಂಡ್ ಹಾಕಿ, ಪೆಟ್ಟಿಗೆ ಇಟ್ಟು, ಸ್ಟೂಲ್ ಎಳೆದು ಕೂತೆ. ಕೂತ ಮೇಲೆ ಗೊತ್ತಾಯಿತು: ಮುಖ ಗೋಡೆಯ ಕಡೆಗೆ, ಬೆನ್ನು ಸೋಫಾದ ಕಡೆಗೆ.

3000 ನಾದಗಳಲ್ಲಿ ಮೊದಲನೆಯದನ್ನೇ ಇಟ್ಟುಕೊಂಡೆ. 88 ಮನೆಗಳ ಬೀದಿಯಲ್ಲಿ ಹುಡುಕಿ, ದುರ್ಯೋಧನ ಬಾಡಿಗೆಗಿದ್ದ ಐದೂವರೆ ಮನೆಯ ಕದ ತಟ್ಟಿದೆ. ಕಂದಪದ್ಯಕ್ಕೆ ಮುಂಚೆ ತಾತ ಹಿಡಿಯುತ್ತಿದ್ದ ಎಳೆ ನಿಧಾನವಾಗಿ ಬಂತು. ನಡುವೆ ಎರಡು ಕಡೆ ತಪ್ಪಿದೆ, ಒಂದು ಕಡೆ ನಿಂತೇಹೋದೆ, ಮತ್ತೆ ಹಿಡಿದೆ. ಸೋಫಾದ ಕಡೆಯಿಂದ ಸದ್ದಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸಲ ಕೂಗಿತು, ಎರಡು ಸಲ ಕೂಗಿತು. ಅವಳು ಎದ್ದು ಹೋದಳೋ, ಕುಕ್ಕರನ್ನು ಕೂಗಲು ಬಿಟ್ಟು ಅಲ್ಲೇ ಕೂತಿದ್ದಳೋ.

ನಾನು ಹಿಂದಿರುಗಿ ನೋಡಲಿಲ್ಲ.